ತತ್ತಿ ರೊಕ್ಕ

ಒಳಗ ಬ್ಯಾಡ್ರಿ. ನಾ ಇಲ್ಲೇ ಪಾವಟಿಗಿ ಮ್ಯಾಲ ಕುಂದರತೀನಿ. ಕುರ್ಚಿನೂ ಬ್ಯಾಡ, ನೀರೂ ಬ್ಯಾಡ. ಮಂದಿ ನೋಡ್ತಾರೇನು... ನೋಡಲಿ. ನೋಡಲಿ ಅಂತಽ ಹೊರಗ ಕುಂತೀನಿ. ಈ ಬೆಳಗಾವಿ ಟಿಳಕವಾಡಿ ಓಣ್ಯಾಗಿನವ್ರೆಲ್ಲಾ ಕಿಡಕಿ ತಗದ ಕೇಳಲಿ. ಗುಂಜಿ ಊರಿನ ಭೀಮಕ್ಕ ಬಂದಾಳ, ಮುಂಜಾನಿ ಗಾಡಿಗೆ ಬಂದಾಳ, ಕಾಲೇಜಿನಾಗ ಆಟಾ ಕಲಸೂ ರತ್ನಮಾಲಾ ಬಾಯಾರ್ನ ಕೇಳಾಕ ಬಂದಾಳ, ಯಾಕ ನನ್ನ ಮಗಳ ಕಾಲ ಮುರದ್ರಿ ಅಂತ.

ಹಾಂ, ಮುರದ್ರಿ ಅಂದ್ನಿ. ಕಾಲ ಮುರೀಬೇಕಂದ್ರ ಬಡಿಗಿ ತೊಗೊಂಡಽ ಹೊಡೀಬೇಕೇನ್ರಿ? ತ್ರಿವೇಣಿ ಎರಡ ವರ್ಷ ಯಾವ ಮೈದಾನಕ್ಕೂ ಇಳೀಬಾರದು ಅಂತ ಸರಕಾರದ ಕಾಗದ ಬಂದೈತಿ. ಎರಡ ವರ್ಷಕ್ಕ ಆಕಿ ಬಿ.ಎ. ಮುಗದ ಹೋಗತೈತಿ. ಕಾಲೇಜ ಬಿಟ್ಟ ಮ್ಯಾಲ ಕಾಲೇಜಿನ ಓಟಕ್ಕ ಯಾರ ನಿಂದರಸ್ತಾರ? ಯುನಿವರ್ಸಿಟಿ ಪರವಾಗಿ ಒಮ್ಮೆ ಹೊರರಾಜ್ಯದಾಗ ಓಡಿ ಬಂದ್ರ ಸಾಕು, ರೈಲ್ವೆದವ್ರು ಕರದ ನೌಕರಿ ಕೊಡ್ತಾರ ಅಂತ ಹೇಳಿದವ್ರು ಯಾರು? ನೀವಽ. ನನ್ನ ಅಂಗಳದಾಗ ಕುಂತ ಹೇಳಿದ್ರಿ. ಆಡಿನ ಮರಿ ನಿಮ್ಮ ಸೀರಿ ಸೆರಗ ತಿನ್ನಾಕತ್ತಿತ್ತು, ಅದರ ಮ್ಯಾಲ ಸೈತ ಲಕ್ಷ್ಯ ಇರಲಿಲ್ಲ ನಿಮಗ.

ಏನ ತಪ್ಪ ಮಾಡ್ಯಾಳ್ರಿ ಆಕಿ? ತತ್ತಿ ತಿಂದಾಳ. ಹಾಲ ಕುಡದಾಳ. ಅಷ್ಟಽ. ಆಡೂ ಹುಡುಗೂರಿಗೆ ಕಾಲೇಜಿನವ್ರು ಕೈಯಾಗ ರೊಕ್ಕಾ ಕೊಡಬಾರದು, ಕೊಟ್ಟ ಹಿಡದ ಇಟ್ಕೋಬಾರದು ಅಂತ ಹೊಸಾ ಕಾಯ್ದೆ ಮಾಡ್ಯಾರಂತ. ಮಾಡಲಿ. ಆದ್ರ ನಿಮ್ಮ ಕಾಲೇಜಿನವ್ರು ಆಕಿ ಓಡೂ ಫೋಟೋ ದೊಡ್ಡದ ಮಾಡ್ಸಿ ಸ್ಟೇಶನ್ ಮುಂದ ಹಚ್ಚಿದ್ರಲ್ಲ, ಪ್ರವೇಶ ಚಾಲೂ ಐತಿ ಬರ್ರಿ ಅಂತ ಕೆಳಗ ಬರಸಿ... ಅದಕ್ಕೇನ ಕಾಯ್ದೆ ಇಲ್ಲಾ? ಆಕಿ ಮಾರಿ ತೋರಿಸಿ ಮಂದಿ ಕಡೆ ಫೀ ತೊಗೊಂಡ್ರ ನಡೀತೈತಿ, ಆಕಿ ಹೊಟ್ಟಿಗೆ ತತ್ತಿ ಹಾಕಿದ್ರ ನಡ್ಯಾಂಗಿಲ್ಲ.

ಯಾಕ ನಗತೀರಿ? ನಗಲಿಲ್ಲಾ? ಮತ್ತ ತುಟಿ ಯಾಕ ಹಂಗಾತು...

ಹೋಗ್ಲಿ. ನಿಮಗ ಯಾರ ಕರದಿದ್ರು ನಮ್ಮ ಊರಿಗೆ? ನಾ ಕರದಿದ್ನೇನು? ಖಾನಾಪುರದಾಗ ತಾಲೂಕಿನ ಆಟ ಇದ್ವು. ಮೂರ ವರ್ಷ ಆತು. ತ್ರಿವೇಣಿ ಗೆಳತಿ ಜೋಡಿ ಹೋಗಿದ್ಲು, ಮೂರ ಸಾವಿರ ಮೀಟರಿಗೆ ಹುಡಿಗ್ಯಾರು ಕಡಿಮಿ ಬಿದ್ರು ಅಂತ ಮಾಸ್ತರ ಆಕೀನೂ ನಿಂದರಿಸಿದ್ರು. ಎಷ್ಟ ಸುತ್ತಂತ ಹೇಳಾಕ ಮರತಿದ್ರು. ಓಟಾ ಮುಗದು, ಗೆದ್ದಾಳಂತ ಚಪ್ಪಾಳಿ ಹೊಡದು, ಮಂದಿ ಹಗ್ಗಾ ಸುತ್ತಾಕತ್ರೂ ಆಕಿ ಓಡಾಕತ್ತಿದ್ಲಂತ. ಒಬ್ಬಾಕಿನಽ. ನೀವು ಅಡ್ಡ ಹೋಗಿ ಎರಡೂ ಕೈಲೆ ಹಿಡದ ನಿಂದರಿಸಿದ್ರಂತ. ಇದನ್ನ ಆಕಿ ನನಗ ನೂರ ಸಲ ಹೇಳ್ಯಾಳ. ಬಾಯಾರು ನನ್ನ ಹಿಡದ ನಿಂದರಿಸಿದ್ರವ್ವಾ, ಅವರ ಮೈಯೆಲ್ಲಾ ನಡಗಾಕತ್ತಿತ್ತು ಅಂತ. ಓಡಿದಾಕಿ ತಾನು, ನಡಗಿದವ್ರು ನೀವು.

ಅವತ್ತಽ ನನಗ ತಿಳೀಬೇಕಿತ್ತು. ನಿಮಗ ಮಕ್ಕಳಿಲ್ಲ. ಮನ್ಯಾಗ ಮಂದಿ ಇಲ್ಲ. ಅದಕ್ಕ ನನ್ನ ಮಗಳ ಮ್ಯಾಲ ಕಣ್ಣ ಬಿತ್ತು.

...ಇರಲಿ. ಅಂದ ಬಿಟ್ನಿ. ಬಾಯಿಗೆ ಬಂತು, ಅಂದ್ನಿ. ಖರೇ ಅದ ಮತ್ತ.

ಆಕೀ ಅಪ್ಪ ಒಲ್ಲೆ ಅಂದಿದ್ದ. ಆಡ ಮೇಸೂ ಮಂದಿ ನಾವು, ಹುಡಿಗಿ ಚಡ್ಡಿ ಹಾಕ್ಕೊಂಡ ಓಡಿದ್ರ ಬೀಗತನಕ್ಕ ಯಾರ ಬರತಾರ ಅಂದ. ನೀವು ಮೂರ ಸಲ ಬಂದ್ರಿ. ಮೂರನೇ ಸಲ ನನ್ನ ಬಾಜೂಕ ಕರದು, ಆಕಿ ಹೊಟ್ಟಿಗಿ ಸಾಲಾಂಗಿಲ್ಲ ಭೀಮಕ್ಕ, ಜ್ವಾಳದ ರೊಟ್ಟಿ ಮ್ಯಾಲ ಇಷ್ಟ ಓಡಿದ್ರ ಎಲವ ಸವೀತಾವ ಅಂದ್ರಿ. ತಿಂಗಳಾ ತಿಂಗಳಾ ನಾ ಕೊಡ್ತೀನಿ, ದಿನಾ ಎರಡ ತತ್ತಿ, ಹಾಲು, ಶೇಂಗಾ. ಆಕಿಗೆ ಹೇಳಬ್ಯಾಡ, ತೆಲಿ ಮ್ಯಾಲ ಭಾರ ಇಟ್ಕೊಂಡ ಓಡಬಾರದು ಅಂದ್ರಿ. ನೀವು ಜೈನರು. ನಿಮ್ಮ ಅಡಗಿ ಮನ್ಯಾಗ ಉಳ್ಳಾಗಡ್ಡಿ ಸೈತ ಬರಾಂಗಿಲ್ಲ. ತತ್ತಿ ಅನ್ನೂ ಮಾತ ಆಡೂ ಮುಂದ ನಿಮ್ಮ ದನಿ ಸಣ್ಣಾಗಿತ್ತು, ನಾ ನೋಡೀನಿ. ಆದ್ರೂ ಕೊಟ್ರಿ. ಕಾಲೇಜಿನವ್ರು ದಮ್ಮಡಿ ಬಿಚ್ಚಲಿಲ್ಲ, ನಿಮ್ಮ ಪಗಾರದಾಗಿಂದು ಕೊಟ್ರಿ.

ಕೊಟ್ರಿ ಅಂತ ಆಕಿನ್ನ ಕೊಂಡ್ಕೊಂಡ್ರೇನು? ಅದನ್ನ ಕೇಳಾಕಽ ಬಂದೀನಿ ನಾನು.

ದಸರಾ ಮುಗದ ಮ್ಯಾಲ ಧಾರವಾಡದಾಗ ಐದ ಸಾವಿರ ಮೀಟರಿಗೆ ಆಕಿ ಮೊದಲ ಬಂದ್ಲು. ಪೇಪರಿನಾಗ ಬಂತು. ಬಂದ ವಾರದಾಗ ಇಲ್ಲೇ ಕಿಲ್ಲಾ ಕಡೆ ಇರೂ ಕಾಲೇಜಿನ ಚನ್ನಬಸಯ್ಯ, ನಿಮ್ಮಂಗಽ ಅಲ್ಲಿ ಆಟಾ ನೋಡ್ಕೊಳ್ಳಾವ, ಮೋಟರ ತೊಗೊಂಡ ಗುಂಜಿಗೆ ಬಂದ. ಭಾರಿ ಮಾತಿನ ಮನಷ್ಯಾ. ನಮ್ಮಲ್ಲಿ ಹಾಸ್ಟೆಲ್ ಐತಿ, ಡಾಕ್ಟರ ಅದಾನ, ದಿನಾ ರೈಲಿನಾಗ ಜೋತಾಡಿ ಬರೂದ ಬ್ಯಾಡ, ನಿಮ್ಮ ಮಗಳು ನಮ್ಮಲ್ಲಿ ಬರಲಿ ಅಂದ. ನನಗ ಚೊಲೋ ಅನಸ್ತು. ಯಾಕ ಅನಸಬಾರದು? ಎಲ್ಲಿ ಚೊಲೋ ಹುಲ್ಲ ಐತಿ ಅಲ್ಲಿಗೆ ಆಡ ಹೊಡಕೊಂಡ ಹೋಗೂ ಮಂದಿ ನಾವು.

ಅದಕ್ಕ ಒಂದ ಕಾಗದ ಬೇಕಿತ್ತು. ಈ ಹುಡಿಗಿ ಬ್ಯಾರೆ ಕಾಲೇಜಿಗೆ ಹೋಗಾಕ ನಮ್ಮದೇನ ತಕರಾರಿಲ್ಲ ಅಂತ ಬರದ ಕೊಡೂದು. ಅದಿಲ್ಲದ ಹೋದ್ರ ಒಂದ ವರ್ಷ ಸುಮ್ಮನ ಕುಂದರಬೇಕಂತ. ಕೇಳಾಕ ಬಂದ್ನಿ, ಇದಽ ಪಾವಟಿಗಿ ಮ್ಯಾಲ ನಿಂತ ಕೇಳಿದ್ನಿ. ನೀವೇನಂದ್ರಿ? ಈ ಡಿಸೆಂಬರದಾಗ ಆಕಿ ಯುನಿವರ್ಸಿಟಿ ಪರವಾಗಿ ಓಡಿ ಬರಲಿ ಭೀಮಕ್ಕ, ನಡುವ ಕಾಲೇಜ ಬದಲ ಮಾಡಿದ್ರ ಹೆಸರ ತಗೀತಾರ, ಓಡಿ ಬಂದ ಮರದಿನಾನಽ ನಾ ಬರದ ಕೊಡ್ತೀನಿ. ಇಷ್ಟ ಅಂದು ಒಳಗ ಹೋದ್ರಿ. ನಾ ತಾಯಿ. ನನ್ನ ಮಗಳ ಎಲ್ಲಿ ಇರಬೇಕು ಅಂತ ಹೇಳಾಕ ನನಗ ಹಕ್ಕಿಲ್ಲ, ನಿಮಗ ಐತಿ. ಮೈಯಾಗ ಬೆಂಕಿ ಬಿದ್ದಂಗಾತ್ರಿ ಅವತ್ತ.

ಆಮ್ಯಾಲ ನೀವು ಮಾಡಿದ್ದೇನು? ಆಕಿ ಹೋಗತಾಳಂತ ಗೊತ್ತಾದ ಕೂಡ್ಲೆ ಸರಕಾರಕ್ಕ ಬರದ್ರಿ. ತಾನು ತಿನ್ನದಿದ್ರ ಮಂದೀನೂ ತಿನ್ನಬಾರದು ಅಂತ. ಹೌದಲ್ಲೋ? ಹೌದನ್ರಿ. ತೆಲಿ ಅಲ್ಲಾಡಸಬ್ಯಾಡ್ರಿ.

ಬ್ಯಾರೆ ಯಾರ ಹೇಳತಾರ? ಜೀಪಿನಾಗ ಬಂದ ಇಬ್ಬರು ಸಾಹೇಬ್ರಿಗೆ ಎಲ್ಲಾ ಗೊತ್ತಿತ್ತು. ಎಷ್ಟನೇ ತಾರೀಖಿಗೆ ಕೊಡ್ತಾರ, ಯಾರ ಕೈಯಾಗ ಕೊಡ್ತಾರ... ಆ ರೊಕ್ಕದ ಮಾತ ಗೊತ್ತಿದ್ದದ್ದು ಇಬ್ಬರಿಗೆ. ನಿಮಗೊಂದು, ಮತ್ತ...

ಆಕೀ ಅಪ್ಪಗೂ ಗೊತ್ತಿತ್ತು ಅಂತಿಟ್ಕೋರಿ. ಅಂವ ಹೇಳಾಂಗಿಲ್ಲ. ಅಂವ ಮೂರ ಮಾತಿಗಿಂತ ಹೆಚ್ಚ ಆಡಾಂಗಿಲ್ಲ.

ಹಂಗ ನೋಡಬ್ಯಾಡ್ರಿ ನನ್ನ. ತನ್ನ ನೌಕರಿ ಮ್ಯಾಲ ತಾನಽ ಯಾರ ಕಲ್ಲ ಹಾಕ್ಕೋತಾರ ಅಂತ ಕೇಳ್ತೀರಿ. ಬಾಯಿಲೆ ಕೇಳಲಿಲ್ಲ, ಕಣ್ಣಾಗ ಕೇಳಿದ್ರಿ. ನಿಮ್ಮನ್ನೂ ಕೆಲಸದಿಂದ ಸಸ್ಪೆಂಡ್ ಮಾಡ್ಯಾರ, ನನಗ ಗೊತ್ತೈತಿ. ಅದಕ್ಕಽ ಈ ಹೊತ್ತಿನಾಗ ಮನ್ಯಾಗ ಅದೀರಿ, ಇಲ್ಲಂದ್ರ ಕೊಳ್ಳಾಗ ಸೀಟಿ ಹಾಕ್ಕೊಂಡ ಮೈದಾನದಾಗ ಇರತಿದ್ರಿ. ಆದ್ರ ಸಿಟ್ಟಿನಾಗ ಮನಷ್ಯಾ ಏನ ಬೇಕಾದ್ದ ಮಾಡ್ತಾನ. ತನ್ನ ಮೂಗ ಕೊಯ್ಕೊಂಡ ಮಂದಿಗೆ ಅಪಶಕುನ ಮಾಡೂವ್ರು ಇಲ್ಲೇನು...

ಅದೇನ್ರಿ ಕೈಯಾಗ? ಫೈಲಾ? ತಗೀಬ್ಯಾಡ್ರಿ. ನನಗ ಕನ್ನಡಾ ಓದಾಕ ಬರಾಂಗಿಲ್ಲ, ತೋರಿಸಿ ಉಪಯೋಗಿಲ್ಲ. ನಮ್ಮ ಕಡೆ ಸಾಲಿ ಎಲ್ಲಾ ಮರಾಠಿ. ಇರಲಿ ಬಿಡ್ರಿ... ತಗೀಬ್ಯಾಡ್ರಿ ಅಂದ್ನಿ. ಬಾಜೂ ಮನಿಯಾಕಿ ಕಿಡಕ್ಯಾಗ ನಿಂತಾಳ.

ನಡೀರಿ. ಒಳಗ ನಡೀರಿ. ಬಾಗಲಾ ಹಾಕ್ರಿ.

...

ನಾನಽ ಹೇಳಿದ್ನಿ.

ಗೊತ್ತಿತ್ತಲ್ಲ ನಿಮಗ? ನಾ ಪಾವಟಿಗಿ ಮ್ಯಾಲ ಕುಂತ ಒದರೂ ಮುಂದ ಗೊತ್ತಿತ್ತು. ಇಷ್ಟ ದಿನಾನೂ ಗೊತ್ತಿತ್ತು. ಒಂದ ಮಾತ ಅಂದಿದ್ರ... ಬೈದಿದ್ರ ನನಗ ಹಗುರ ಆಗತಿತ್ರಿ. ನೀವು ಹಿಂಗ ಕುಂದರತೀರಲ್ಲ, ಇದು ಬೈಗಳಕ್ಕಿಂತ ಕೆಟ್ಟದ್ದ.

ಚನ್ನಬಸಯ್ಯ ಊರಾಗಿನ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ ಕರಸಿದ್ದ. ಕಾಯ್ದೆ ಪುಸ್ತಕ ನನ್ನ ಮುಂದ ಇಟ್ಕೊಂಡೀನಿ ಭೀಮಕ್ಕ, ಓದತೀನಿ ಕೇಳು ಅಂದ. ಹಳೇ ಕಾಲೇಜಿನವ್ರು ರೊಕ್ಕಾ ಕೊಟ್ಟ ಹಿಡದ ಇಟ್ಕೊಂಡಾರ ಅಂತ ಸಾಬೀತಾದ್ರ ಅವರ ಕಾಗದ ಬೇಕಾಗಂಗಿಲ್ಲ, ಹುಡಿಗಿ ಎಲ್ಲಿ ಬೇಕಾದಲ್ಲಿ ಹೋಗಬಹುದು. ಇಷ್ಟ ಓದಿದ. ಮುಂದಿನ ಸಾಲ ಓದಲಿಲ್ಲ. ತೊಗೊಂಡವ್ರಿಗೂ ಎರಡ ವರ್ಷ ಬಂದಿ ಅಂತ ಅದರ ಕೆಳಗಽ ಇತ್ತಂತ. ಅವಗೇನ? ತ್ರಿವೇಣಿ ಅವನ ಕಾಲೇಜಿಗೆ ಓಡಿದ್ರೂ ಲಾಭ, ನಿಮ್ಮ ಕಾಲೇಜಿಗೆ ಓಡದಿದ್ರೂ ಲಾಭ.

ಸಾಹೇಬ್ರು ಬಂದಾಗ ನಾ ಹೇಳಿದ್ನಿ. ಹೌದ್ರಿ, ಬಾಯಾರು ರೊಕ್ಕಾ ಕೊಡ್ತಾರ, ಅದಕ್ಕಽ ಮಗಳನ್ನ ಬಿಡವೊಲ್ಲರು. ಸಹಿ ಮಾಡಾಕ ಬರತೈತೇನು ಅಂದ್ರು. ಬರಾಂಗಿಲ್ಲ ಅಂದ್ನಿ. ಬರತೈತ್ರಿ ನನಗ. ಮರಾಠಿ ಸಾಲ್ಯಾಗ ನಾಕನೇತ್ತೆ ತನಕ ಕಲತೀನಿ, ಹೆಸರ ಚೆಂದಾಗಿ ಬರೀತೀನಿ. ಆದ್ರ ಬರಾಂಗಿಲ್ಲ ಅಂದ್ನಿ, ಹೆಬ್ಬಟ್ಟ ಒತ್ತಿದ್ನಿ. ಹೆಬ್ಬಟ್ಟಿಗೆ ಹೆಸರಿರಾಂಗಿಲ್ಲ ಅನಕೊಂಡಿದ್ನಿ.

ಯಾರ ಸಲುವಾಗಿ ಅಂತ ಕೇಳ್ರಿ. ಕೇಳವೊಲ್ಲರಿ. ಸೋಮಲಿಂಗನ ಸಲುವಾಗಿ. ನನ್ನ ದೊಡ್ಡ ಮಗ, ನೀವು ನೋಡೀರಿ. ಮೆಟ್ರಿಕ್ ಫೇಲಾಗಿ ಆರ ವರ್ಷ ಮನ್ಯಾಗ ಕುಂತಿದ್ದ. ನಿಮ್ಮ ರೊಕ್ಕಾನೂ ಎಲ್ಲಾ ತತ್ತಿಗೆ ಹೋಗತಿರಲಿಲ್ರಿ... ಅವನ ಅಂಗಿ, ಅವನ ಬಸ್ಸಿನ ಖರ್ಚು, ಅದರಾಗಽ. ಆಕಿಗೆ ಎರಡ ತತ್ತಿ ಅಂದಿದ್ರಿ, ನಾ ಒಂದ ಹಾಕತಿದ್ನಿ. ಚನ್ನಬಸಯ್ಯ ಅವಗ ತಮ್ಮ ಕಾಲೇಜಿನ ಮೈದಾನದಾಗ ಕೆಲಸಾ ಕೊಡ್ತೀನಿ ಅಂದಿದ್ದ. ಕೊಟ್ಟ. ಒಂದನೇ ತಾರೀಖಿನಿಂದ ಹೋಗಾಕತ್ತಾನ. ಮಂದಿ ಓಡೂ ಜಾಗಾದಾಗ ಸುಣ್ಣದ ಗೆರಿ ಹಾಕತಾನ. ಮಗಳು ಇವತ್ತಿಲ್ಲ ನಾಳೆ ಕೊಟ್ಟ ಮನಿಗೆ ಹೋಗಾಕಿ, ಮಗ ಇರಾವ... ಹಂಗ ಅನಕೊಂಡ್ನಿ. ನೀವೇನರ ಅನ್ರಿ. ತಾಯಿ ಆದವ್ರಿಗೆ ಗೊತ್ತು.

ತಪ್ಪಾತು. ಮತ್ತ ಅದಽ ಮಾತ ಅಂದ್ನಿ.

ಕಾಗದ ಬಂದ ದಿನಾ ತ್ರಿವೇಣಿ ಅಳಲಿಲ್ರಿ. ಕೇಳಿದ್ಲು, "ಅವ್ವಾ, ಇದನ್ನ ಯಾರ ಹೇಳಿರಬೇಕು?" ನನ್ನ ಮಾರೀನಽ ನೋಡಾಕತ್ತಿದ್ಲು. "ನಿಮ್ಮ ಬಾಯಾರಽ" ಅಂದ್ನಿ. ಮರದಿನಾ ಬೆಳಗಾಗೂದಕ್ಕ ಎದ್ದಾಕಿ ಅಡವಿ ದಾರಿ ಹಿಡದ ಓಡಿದ್ಲು. ಬಿಸಲ ಏರಿದ್ರೂ ಬರಲಿಲ್ಲ. ಅವರಪ್ಪ ಹುಡಕ್ಯಾಡಿ ಕರಕೊಂಡ ಬಂದಾಗ ಹಿಂಬಡ ಒಡದ ರಗತಾ ಸೋರಾಕತ್ತಿತ್ತು. ಅವತ್ತಿನಿಂದ ಓಡಿಲ್ಲ. ರೊಟ್ಟಿ ಹಾಕಿದ್ರ ತಿಂತಾಳ, ಇಲ್ಲಂದ್ರ ಇಲ್ಲ. ತತ್ತಿ ಕುದಿಸಿ ಮುಂದಿಟ್ರ ನಾಯಿಗೆ ಹಾಕಿದ್ಲು.

ಆಮ್ಯಾಲ ಪರೀಕ್ಷಾ ಫೀ ತುಂಬಾಕ ಬಂದಾಗ ಬೆಳಗಾವಿ ಸ್ಟೇಶನ್‌ದಾಗ ನೀವು ಎದರ ಬಂದ್ರಂತ. ಆಕಿ ನಿಮ್ಮ ಮಾರಿ ನೋಡಿ ಉಗುಳಿ ಆಕಡೆ ಹೋದ್ಲಂತ. ಮನಿಗೆ ಬಂದ ಹೇಳಿದ್ಲು, ಹೆಮ್ಮಿಲೆ ಹೇಳಿದ್ಲು. ನೀವೇನ ಮಾಡಿದ್ರಿ ಅಂತ ಕೇಳಿದ್ನಿ. ಸುಮ್ಮನ ನಿಂತಿದ್ರು ಅಂದ್ಲು. ಅವಾಗಽ ನನಗ ತಿಳೀತು. ಇವರಿಗೆ ಎಲ್ಲಾ ಗೊತ್ತೈತಿ, ಗೊತ್ತಿದ್ದೂ ಹೇಳಿಲ್ಲ ಅಂತ. ಯಾಕ ಹೇಳಲಿಲ್ರಿ? ನಿನ್ನ ಅವ್ವನಽ ಹೇಳ್ಯಾಳ ಅನ್ನಾಕ ಎಷ್ಟ ಹೊತ್ತ ಬೇಕಿತ್ತು? ಮಗಳಿಗೆ ಇರಾಕ ಒಂದ ಮನಿ ಇರಲಿ ಅಂತೇನು?

ನೀರ ಯಾಕ ತರತೀರಿ, ಬ್ಯಾಡ ಅಂದೀನಿ.

ಸರಿ. ಯಾಕ ಬಂದೀನಿ ಅದನ್ನರ ಹೇಳ್ತೀನಿ. ಬರೂ ಸೋಮವಾರ ಸಾಹೇಬ್ರ ಮುಂದ ವಿಚಾರಣಿ ಐತಿ. ನಿಮ್ಮನ್ನೂ ಕರದಾರ, ನನ್ನೂ ಕರದಾರ, ಆಕಿನ್ನೂ ಕರದಾರ. ಅಲ್ಲಿ ನೀವು ರೊಕ್ಕಾ ಕೊಟ್ಟಽ ಇಲ್ಲ ಅಂತ ಹೇಳ್ರಿ. ಭೀಮಕ್ಕ ಏನರ ತಪ್ಪ ತಿಳಕೊಂಡಾಳ ಅನ್ರಿ. ನಿಮ್ಮ ನೌಕರಿ ಉಳೀತೈತಿ, ಆಕಿ ಓಟ ಉಳೀತೈತಿ, ಸೋಮಲಿಂಗನ ಕೆಲಸಾನೂ ಉಳೀತೈತಿ. ಎಲ್ಲಾರೂ ಉಳೀತಾರ.

ಮತ್ತ ಅದಽ ಫೈಲ್. ಓದಾಕ ಬರಾಂಗಿಲ್ಲ ಅಂದ್ನಲ್ಲ...

ಇದು ಮರಾಠಿ.

ನೀವು ಬರದ್ರೇನು? ನನಗ ಓದಾಕ ಬರಲಿ ಅಂತ ಮರಾಠಿಯೊಳಗ ಬರದೀರಿ. ದುಂಡನ ಅಕ್ಷರ... ಇರ್ರಿ, ಬೆಳಕಿಗೆ ಹಿಡೀತೀನಿ. ರೊಕ್ಕಾ ಕೊಟ್ಟದ್ದು ಖರೇ. ಕೊಟ್ಟಾಕಿ ರತ್ನಮಾಲಾ. ತೊಗೊಂಡಾಕಿ ತಾಯಿ ಭೀಮಕ್ಕ, ಅಂದ್ರ ನಾನು... ನನ್ನ ಹೆಸರಿಲೆ ಬರದ ಹೇಳಿಕಿ ಇದು. ಮಗಳಿಗೆ ಇದು ಗೊತ್ತಽ ಇರಲಿಲ್ಲ. ಗೊತ್ತಿದ್ದು ತೊಗೊಂಡವ್ರಿಗಷ್ಟಽ ಬಂದಿ ಅಂತ ಕಾಯ್ದೆದಾಗ ಐತಿ, ಅದಕ್ಕ ತ್ರಿವೇಣಿಗೆ ಹಾಕಿದ ಬಂದಿ ತಗೀಬೇಕು... ಇದಾದ್ರ ಆಕಿ ಓಡಬಹುದಾ? ಈ ಡಿಸೆಂಬರದಾಗಽ?

ಮತ್ತ ಕೆಳಗ ಇದೇನು. ಮಗಗ ನೌಕರಿ ಕೊಡ್ತೀನಿ ಅಂದದ್ದಕ್ಕ ನಾನು ಹೇಳಿಕಿ ಕೊಟ್ಟೀನಿ. ಇದನ್ನ ಯಾಕ ಬರದ್ರಿ? ನಿಮಗ ಯಾರ ಹೇಳಿದ್ರು ಅವನ ಕೆಲಸದ ಮಾತ? ಇದ ಒಂದ ಸಾಲ ಹೊಡದ ಹಾಕ್ರಿ. ಇದನ್ನ ಓದಿದ್ರ ಅವನ ಕೆಲಸಾನೂ ಆಟಗಾರರಿಗೆ ಕೊಟ್ಟ ಲಂಚ ಅಂತಾರ, ನಾಳೆನಽ ತಗೀತಾರ. ಹೊಡದ ಹಾಕ್ರಿ ಬಾಯಾರ. ಮ್ಯಾಲಿಂದಷ್ಟಽ ಇರಲಿ...

ಇಲ್ಲಾ?

ಅದಿಲ್ಲಂದ್ರ ನನ್ನ ಮಾತ ಯಾರ ನಂಬತಾರ. ಅವತ್ತೊಂದು ಹೇಳಿದಿ, ಇವತ್ತೊಂದು ಹೇಳ್ತಿ, ಯಾಕ ಅಂತ ಕೇಳ್ತಾರ. ತಿಳೀತು. ನಾ ದಡ್ಡಿ ಅಲ್ಲ.

ತಾರೀಖ ಹಾಕೀರಿ ಮ್ಯಾಲ. ಇದು ಹದಿನೆಂಟ ದಿನದ ಹಿಂದಿಂದು. ಕಾಗದ ಬಂದ ಮರದಿನಾನಽ ಬರದ ಇಟ್ಟೀರಿ. ಹದಿನೆಂಟ ದಿನಾ ಇದನ್ನ ಮನ್ಯಾಗ ಇಟ್ಕೊಂಡ ಕುಂತೀರಿ. ಗುಂಜಿಗೆ ಬರಲಿಲ್ಲ. ಕರಸಲಿಲ್ಲ. ಸ್ಟೇಶನ್‌ದಾಗ ಮಗಳ ಕಡಿಂದ ಉಗುಳಿಸ್ಕೊಂಡ್ರಿ. ನಾನಾಗೇ ಬರತೀನೋ ಇಲ್ಲೋ ನೋಡೂಣು ಅಂತೇನು? ಭಾಳ ಗಟ್ಟಿ ಹೆಂಗಸ್ರಿ ನೀವು. ನಾ ನಿಮ್ಮ ಕಾಲ ಬೀಳಾಂಗಿಲ್ಲ. ತಪ್ಪಾತು ಅಂತ ಕೇಳಾಂಗೂ ಇಲ್ಲ. ಆ ತತ್ತಿ ರೊಕ್ಕಾ ಕೊಡದ ಇದ್ದಿದ್ರ ಇದ್ಯಾವ್ದೂ ಆಗತಿರಲಿಲ್ಲ, ಇದ ನನ್ನ ಮಾತು. ಆಕಿ ಬರೇ ರೊಟ್ಟಿ ತಿಂದು ಎಷ್ಟ ಆಗತೈತಿ ಅಷ್ಟ ಓಡತಿದ್ಲು, ಸಾಕಾತಂದ್ರ ನಿಂದರತಿದ್ಲು.

ನಿಂದರತಿರಲಿಲ್ಲ. ಅದೂ ಗೊತ್ತೈತಿ ನನಗ.

ಪೆನ್ ಕೊಡ್ರಿ. ಹೆಬ್ಬಟ್ಟಲ್ಲ, ಪೆನ್. ಎಲ್ಲಿ ಮಾಡಬೇಕು? ಇಲ್ಲೇನು... ಕೈ ಯಾಕ ಹಿಡೀತೀರಿ, ಬಿಡ್ರಿ. ಹೆಸರ ಬರಿಯಾಕ ಬರತೈತಿ ನನಗ. ಮಾಡತೀನಿ ನಾನು.

ಆತು.

ಸೋಮಲಿಂಗಗ ಏನ ಹೇಳಬೇಕೋ ನಾ ಹೇಳತೀನಿ. ಅವಗ ಸಿಟ್ಟ ಬರತೈತಿ, ನಾಕ ದಿನಾ ಉಣ್ಣಾಂಗಿಲ್ಲ, ಆಮ್ಯಾಲ ಉಂತಾನ. ಅವನ ಸುದ್ದಿ ನನಗ ಬಿಡ್ರಿ.

ತ್ರಿವೇಣಿಗೆ ನೀವು ಹೇಳ್ರಿ. ಮೊದಲಽ ಹೇಳಿ ಬಿಡ್ರಿ, ನಾ ಆಕಿನ್ನ ಇಲ್ಲಿಗೆ ಕಳಸತೀನಿ...

ಹೇಳಾಂಗಿಲ್ಲ ನೀವು. ಇಷ್ಟ ದಿನಾ ಹೇಳದವ್ರು ಈಗೇನ ಹೇಳ್ತೀರಿ. ಮನಿಗೆ ಹೋಗಿ ನಾನಽ ಹೇಳ್ಳೇನು? ಒಲಿ ಮುಂದ ಕುಂತು, ಆಕಿ ಮಾರಿ ನೋಡ್ಕೋತ... ನನ್ನ ಕಡಿಂದ ಆಗಾಂಗಿಲ್ಲ ಬಾಯಾರ. ಖರೇ ಹೇಳ್ತೀನಿ, ಆಗಾಂಗಿಲ್ಲ. ಸೋಮವಾರ ಸಾಹೇಬ್ರು ಇದನ್ನ ಗಟ್ಟ್ಯಾಗಿ ಓದತಾರ. ಅವಾಗಽ ಕೇಳಲಿ.

ಆಕಿ ನನ್ನ ಜೋಡಿ ಬರತಾಳ. ನಿಮ್ಮ ಮ್ಯಾಲಿನ ಸಿಟ್ಟಿಗೆ ನನ್ನ ಕೈ ಹಿಡಕೊಂಡ, ನನಗ ಹತ್ತಿ ಕುಂದರತಾಳ. ಓದಿದ್ದ ಕೇಳಿದ ಕೂಡ್ಲೆ ಆ ಕೈ ಬಿಡತಾಳ.

ಒಂದ ಕೆಲಸಾ ಮಾಡ್ರಿ. ಓದಾಕ ಚಾಲೂ ಮಾಡೂಕಿಂತ ಮೊದಲ ಆಕಿನ್ನ ಹೆಂಗರ ಮಾಡಿ ನಿಮ್ಮ ಬಾಜೂಕ ಕುಂದರಿಸ್ಕೋರಿ.